ಬೂದಿಗೆರೆಯೊಳಗಿನ ವಿಮಾನ

“ಬೂಟು ಬಿಚ್ಚಿ ಬರ್ರಿ ಸಾಹೇಬ್ರ, ಇದು ಕಣ,” ಎಂದಳು ಗಾದೆಮ್ಮ.

ಗಣಿ ಕಂಪನಿಯ ಮ್ಯಾನೇಜರ್ ಸೋಮಶೇಖರ್ ಎತ್ತಿದ ಕಾಲನ್ನು ಹಾಗೇ ಹಿಂದಕ್ಕಿಟ್ಟ. ಅವನ ಬೆನ್ನಿಗೆ ಕ್ರೇನು, ಲಾರಿ. ಎದುರಿಗೆ, ತಂಬ್ರಹಳ್ಳಿ ಕೇರಿಯವರ ಜೋಳದ ಕಣದಲ್ಲಿ, ಕಂಪನಿಯ ಪುಟ್ಟ ವಿಮಾನ ಮೂತಿ ಊರಿ ಬಿದ್ದಿತ್ತು. ರಾಶಿಯ ಸುತ್ತ ಬೂದಿಯ ಗೆರೆ ಎಳೆದರೆ ಒಡೆಯರು ಹೇಳುವ ತನಕ ಒಳಗಿನದನ್ನು ಯಾರೂ ಮುಟ್ಟುವಂತಿಲ್ಲ. ಈ ಸಲ ಗಾದೆಮ್ಮ ಎಳೆದ ಗೆರೆ ರಾಶಿಯನ್ನೂ ವಿಮಾನವನ್ನೂ ಸೇರಿಸಿ ಸುತ್ತಿತ್ತು. ಒಳಗೆ ಕೇರಿಯ ಹೆಂಗಸರು ಮೊರ ಹಿಡಿದು ಕೂತಿದ್ದರು.

“ಯಕ್ಕಾ, ನಮ್ಮ ಮಾಲು ನಾವು ಒಯ್ತೀವಿ. ಆ ಹುಡುಗಿಗೆ ಹಾರ್ಸಾಕ ಬರ್ಲಿಲ್ಲ, ಕೆಡವಿದ್ಲು. ಮುಗೀತು.”

“ಮುಗಿದ ಮ್ಯಾಲ ಇಷ್ಟ್ಯಾಕ ಅವಸರ್ರೀ?” ಮೊರ ಹಿಡಿದವರಲ್ಲೊಬ್ಬಳಾದ ಅಂಜಿನಕ್ಕ ಕೂತಲ್ಲಿಂದಲೇ ಕೇಳಿದಳು. ಹೆಂಗಸರು ನಕ್ಕರು.

ಹಿಂದಿನ ಸಂಜೆ, ರಿಪೇರಿಯಾದ ಮೇಲೆ ಮೊದಲ ಸಲ ಮೇಲೆದ್ದ ವಿಮಾನ ಒಂದು ಮಗ್ಗುಲಿಗೆ ವಾಲಿಕೊಂಡೇ ಬಂದು ಬಿದ್ದಿತ್ತು. ಬಾಗಿಲು ಕಿತ್ತು ಪೈಲಟ್ ಅಮೃತಾಳನ್ನು ಹೊರಗೆಳೆದವಳು ಗಾದೆಮ್ಮನೇ. ಕೊಟ್ಟೂರಿನ ಹುಡುಗಿ. ಕಾಲು ಮುರಿದಿತ್ತು. ಆಸ್ಪತ್ರೆಯ ಗಾಡಿ ಬರುವವರೆಗೂ ಗಾದೆಮ್ಮನ ಕೈ ಬಿಟ್ಟಿರಲಿಲ್ಲ.

“ಎಡಕ್ಕ ತಿರುವಿದ್ರ ಬಲಕ್ಕ ವಾಲಿತು ಯಕ್ಕಾ. ರೆಕ್ಕಿ ತಂತಿ ಅದಲುಬದಲು ಹಾಕ್ಯಾರ. ತನಿಖಿಯವ್ರು ಬರೂ ಮುಂಚೆ ಇದನ್ನ ಒಯ್ದುಬಿಟ್ರ ತಪ್ಪೆಲ್ಲಾ ನಂದ ಅಂತಾರ. ಮತ್ತ ನನ್ನ ಹಾರಾಕ ಬಿಡಂಗಿಲ್ಲ,” ಅಮೃತಾ ಹೇಳಿದ್ದಳು.

“ನಾವು ಒಯ್ಯಾಕ ಬಿಟ್ರ ಹೌದಲ್ಲವ್ವ,” ಎಂದಿದ್ದಳು ಗಾದೆಮ್ಮ.

“ಪೊಲೀಸ್ರನ್ನ ಕರಸ್ಲೇನು?” ಸೋಮಶೇಖರ್ ಈಗ ಗದರಿದ.

“ಕರಸ್ರಿ. ಅವರೂ ಬೂಟು ಬಿಚ್ಚಿ ಬರ್ಲಿ.”

ಚಪ್ಪಲಿ ಕೈಯಲ್ಲಿ ಹಿಡಿದು ದೊಡ್ಡವರ ಓಣಿ ದಾಟಿದ ಜನ ಇವರು. ಇವರೆದುರು ಬೂಟು ಬಿಚ್ಚಲು ಸೋಮಶೇಖರನ ಜೀವ ಒಪ್ಪಲಿಲ್ಲ. ಕ್ರೇನಿನವನ ಕಡೆ ತಿರುಗಿ, “ನುಗ್ಸಲೇ ಹುಲುಗಪ್ಪಾ!” ಎಂದ.

ಹುಲುಗಪ್ಪ ಬೂದಿಯ ಗೆರೆ ನೋಡಿದ. ಇಂಜಿನ್ ಆರಿಸಿ ಕೆಳಗಿಳಿದ.

“ನನ್ ಕೈಲೆ ಆಗಂಗಿಲ್ರಿ. ನಮ್ಮ ಮನ್ಯಾಗೂ ಕಣ ಮಾಡ್ತೀವಿ.”

ಬಿಸಿಲೇರುವಾಗ ತನಿಖೆಯ ಅಧಿಕಾರಿ ಬಂದರು. ಯಾರೂ ಹೇಳುವ ಮೊದಲೇ ಬೂಟು ಕಳಚಿ, ಗಾದೆಮ್ಮ ಹೂಂ ಎಂದ ಮೇಲೆ ಗೆರೆ ದಾಟಿದರು. ಬಾಗಿಲು ಕಿತ್ತ ಕಡೆಯಿಂದ ಒಳಗೆ ಕೈ ಹಾಕಿ ಹಿಡಿಕೆಯನ್ನು ಎಡಕ್ಕೆ ವಾಲಿಸಿದರು. ಎಡ ರೆಕ್ಕೆಯ ಅಂಚಿನ ಹಲಗೆ ಮೇಲೇಳಬೇಕಿತ್ತು. ಅದು ಕೆಳಗಿಳಿಯಿತು.

“ತಂತಿ ಉಲ್ಟಾ ಜೋಡಿಸಿದ್ದಾರೆ,” ಎಂದರು ಅಧಿಕಾರಿ. “ಪೈಲಟ್ ಕೈ ಸರಿಯಾಗೇ ಇತ್ತು.”

ಸೋಮಶೇಖರ್ ರಸ್ತೆಯ ಕಡೆ ನೋಡತೊಡಗಿದ. ಗಾದೆಮ್ಮ ಸೆರಗು ಕೊಡವಿ ಎದ್ದು ನಿಂತಳು.

“ಸಾಹೇಬ್ರ, ಇನ್ನೊಮ್ಮಿ ವಾಲಿಸ್ರಿ. ಹಿಂದಿನವ್ರಿಗೆ ಕಾಣ್ಲಿಲ್ಲ.”

ಹೆಂಗಸರೆಲ್ಲ ಎದ್ದರು. ಅಧಿಕಾರಿ ಮತ್ತೆ ಕೈ ಹಾಕಿದರು. ಹಲಗೆ ನಿಧಾನವಾಗಿ ಕೆಳಗಿಳಿಯಿತು. ಅದರ ಮೇಲೆ ಕೂತಿದ್ದ ಜೋಳದ ಹೊಟ್ಟು ಜಾರಿ, ಗಾಳಿಗೆ ತೇಲಿಹೋಯಿತು.