ಎರಡನೇ ಭಾಗದ ಪೈಲಾ ಆಟ

ಹಲಬರ್ಗಾದಲ್ಲಿ ಟ್ಯಾಂಕರ್ ಬರುವುದಕ್ಕೆ ಮುಂಚೆ ಕೊಡಗಳ ಸಾಲು ಬೆಳೆಯುತ್ತದೆ, ಸಾಲು ಬೆಳೆದ ಹಾಗೆ ಮಾತೂ ಬೆಳೆಯುತ್ತದೆ. ಎರಡು ಸಾವಿರದ ಹದಿನಾರನೇ ಇಸವಿಯ ಬೇಸಿಗೆಯಲ್ಲಿ ಆ ಮಾತೆಲ್ಲ ಮಳೆಯದ್ದೇ ಇತ್ತು ಅಂದುಕೊಂಡಿರೇನು? ಛೆ! ಮಳೆಯ ಮಾತಾಡಿ ಮಾತಾಡಿ ಬೇಜಾರಾಗಿ ಹೆಂಗಸರು ಅದನ್ನು ಹಿಂದಿನ ವರ್ಷವೇ ಬಿಟ್ಟಿದ್ದರು. ಈಗಿನ ಮಾತೆಲ್ಲ ಆಸ್ಮಾನ್ ಸರದಾರನದು.

ಅವನು ಹಿಂದಿ ಸಿನಿಮಾದ ಹೀರೋ. ಬೆನ್ನಿಗೆ ಕೆಂಪು ಬಟ್ಟೆ ಕಟ್ಟಿಕೊಂಡು ಆಕಾಶದಲ್ಲಿ ಹಾರುತ್ತಾನೆ, ಒಂದೇ ಕೈಯಲ್ಲಿ ರೈಲು ಎತ್ತುತ್ತಾನೆ. ಎರಡು ವರ್ಷದ ಹಿಂದೆ ಬಂದ ಮೊದಲನೇ ಭಾಗದ ಕೊನೆಗೆ, ಊರು ಸುಡಲಿದ್ದ ಬಾಂಬನ್ನು ಎದೆಗವಚಿಕೊಂಡು ಸಮುದ್ರದ ಮೇಲೆ ಹಾರಿಹೋದ. ಧಡಾಂ! ನೀರಿನ ಮೇಲೆ ಕೆಂಪು ಬಟ್ಟೆಯೊಂದೇ ತೇಲಿತು. ಉಳಿದದ್ದು ಎರಡನೇ ಭಾಗದಲ್ಲಿ ಎಂದು ಬರೆದು ದೀಪ ಹಾಕಿಬಿಟ್ಟರು. ಅಂದಿನಿಂದ ಬೀದರಿನಿಂದ ಔರಾದಿನವರೆಗೆ ಯಾರಿಗೂ ಸಮಾಧಾನವಿಲ್ಲ.

"ಸತ್ತಾನ ತಗೋರಿ," ಅಂದಳು ಭೀಮಬಾಯಿ, ಮಗುಚಿಟ್ಟ ಕೊಡದ ಮೇಲೆ ಕೂತು. "ಎದಿಮ್ಯಾಲ ಬಾಂಬ ಒಡದ್ರ ಯಾವಂವ ಉಳೀತಾನ?"

"ಅಂವ ಸತ್ರ ಪಿಚ್ಚರ್ ಹ್ಯಾಂಗ ನಡೀತದ್ರಿ?" ಅಂದಳು ಅಂಜನಾಬಾಯಿ.

"ಹೀರೋನೇ ಬದ್ಲಾಗ್ಯಾನಂತ. ಮೀಸಿ ಇಲ್ದ ಹೊಸಾ ಹುಡುಗ ಬಂದಾನಂತ. ಹೋಗ್ಲಿ ಬಿಡವ್ವಾ, ಸತ್ರೂ ಅಷ್ಟ ನೀರಾಗ ಬಿದ್ದು ಸತ್ತಾನ. ಪುಣ್ಯಾ ಮಾಡಿದ್ದ!"

ಸಾಲಿಗೆ ಸಾಲೇ ನಕ್ಕಿತು. ಕೊನೆಯಲ್ಲಿ ನಿಂತಿದ್ದ ಶಾಲುಬಾಯಿ ಮಾತ್ರ ನಗಲಿಲ್ಲ. ಅಂಗನವಾಡಿಯಲ್ಲಿ ಅಡುಗೆ ಮಾಡುವ ಈ ಹೆಂಗಸಿಗೆ ಸರದಾರ ಬದುಕಿರುವುದು ತೀರಾ ಅಗತ್ಯವಾಗಿತ್ತು. ಯಾಕೆಂದರೆ ಅವನು ಬದುಕಿದ್ದಾನೆ ಎಂದು ಅವಳು ಒಬ್ಬಳಿಗೆ ಸುಳ್ಳು ಹೇಳಿಬಿಟ್ಟಿದ್ದಳು.

ಆ ಒಬ್ಬಳು ಕುಬರಾ. ಪಕ್ಕದ ಮನೆಯವಳು, ಬಳೆಗಾರ್ತಿ. ಕುಬರಾಳ ಕಣ್ಣು ಸಣ್ಣಂದಿನಿಂದ ಮಂದ. ಹತ್ತು ಮಾರು ಆಚೆ ನಿಂತದ್ದು ಎಮ್ಮೆಯೋ ಮಾವನೋ ಗೊತ್ತಾಗುತ್ತಿರಲಿಲ್ಲ. ಆದರೆ ಕೈ ಹಿಡಿದಳೆಂದರೆ ಮುಗಿಯಿತು. ಮುಂಗೈಯನ್ನು ಮೆಲ್ಲಗೆ ಒತ್ತಿ, ಇದು ಯಾರ ಕೈ, ಯಾವ ಅಳತೆ, ಈ ತಿಂಗಳು ಸೊರಗಿದೆಯೋ ತುಂಬಿಕೊಂಡಿದೆಯೋ, ಎಲ್ಲ ಹೇಳುತ್ತಿದ್ದಳು. ಅವಳು ಇಟ್ಟ ಬಳೆ ಒಂದು ದಿನವೂ ಶಾಲುಬಾಯಿಯ ಕೈಗೆ ನೋವು ಮಾಡಿರಲಿಲ್ಲ.

ಇಬ್ಬರಿಗೂ ಸಿನಿಮಾದ ಹುಚ್ಚು. ಭಾಲ್ಕಿಗೆ ಬಂದದ್ದನ್ನು ಭಾಲ್ಕಿಯಲ್ಲಿ, ಅಲ್ಲಿಗೆ ಬಾರದ್ದನ್ನು ಬೀದರಿಗೆ ಹೋಗಿ ನೋಡಿಯೇ ತೀರಬೇಕು. ಕುಬರಾಳಿಗೆ ತೆರೆಯ ಮೇಲೆ ಬಣ್ಣ ಅಲುಗಾಡುವುದಷ್ಟೇ ಕಾಣುತ್ತಿತ್ತು. ಮಾತು ಅವಳೇ ಕೇಳಿಸಿಕೊಳ್ಳುತ್ತಿದ್ದಳು, ಉಳಿದದ್ದನ್ನು ಶಾಲುಬಾಯಿ ಕಿವಿಯಲ್ಲಿ ಹೇಳುತ್ತಿದ್ದಳು. ಇದ್ದದ್ದನ್ನು ಇದ್ದಷ್ಟೇ ಹೇಳಿ ಸುಮ್ಮನಾಗುವ ಪೈಕಿಯೇ ಅವಳು? ನಾಯಕಿಯ ಸೀರೆಗೆ ಇಲ್ಲದ ಜರಿ ಹಚ್ಚುತ್ತಿದ್ದಳು, ಖಳನಾಯಕನಿಗೆ ಮುರುಕು ಹಲ್ಲು ಕೊಡುತ್ತಿದ್ದಳು, ಬೇಸರದ ಹಾಡು ಬಂದರೆ ಹಿಂದೊಂದು ಕೋತಿ ಕುಣಿಸುತ್ತಿದ್ದಳು.

"ಏ ಬಾಯಿಯೋರ, ನಾವು ಪಿಚ್ಚರ್ ನೋಡಬೇಕೋ ನಿಮ್ಮ ಪುರಾಣ ಕೇಳಬೇಕೋ?" ಎಂದು ಹಿಂದಿನವರು ಬೈಯುತ್ತಿದ್ದರು.

"ಎರಡೂ ಮಾಡ್ರಿ. ಟಿಕೀಟ ಒಂದೇ ಅದ," ಎನ್ನುತ್ತಿದ್ದಳು ಕುಬರಾ.

ಸರದಾರನ ಮೊದಲನೇ ಭಾಗವನ್ನು ಅವರು ಬೀದರಿನಲ್ಲಿ ನೋಡಿದ್ದು ಕುಬರಾ ಊರು ಬಿಡುವ ಹಿಂದಿನ ದಿನ. ಆ ವರ್ಷ ಮದುವೆಗಳೇ ಇರಲಿಲ್ಲ, ಬಳೆ ಯಾರಿಗೆ ಬೇಕು? ಸಿಮೆಂಟು ಕಲಸಲು ನೀರಿಲ್ಲದೆ ಅವಳ ಗಂಡ ಚಾಂದ ಪಾಶಾನ ಗಾರೆ ಕೆಲಸವೂ ನಿಂತಿತ್ತು. ಬೆಳಗಾದರೆ ಹೈದರಾಬಾದಿನ ರೈಲು. ಕತ್ತಲಲ್ಲಿ ಆ ಧಡಾಂ ಕೇಳಿದ ಕೂಡಲೇ ಕುಬರಾ ಶಾಲುಬಾಯಿಯ ಕೈ ಗಟ್ಟಿಯಾಗಿ ಹಿಡಿದಳು.

"ಏನಾತು? ಸತ್ನೇನ?"

ನೀರಿನ ಮೇಲೆ ಬರೀ ಬಟ್ಟೆ ತೇಲುತ್ತಿದೆ ಎಂದು ಹೇಳಲು ಶಾಲುಬಾಯಿಗೆ ಬಾಯೇ ಬರಲಿಲ್ಲ.

"ಇಲ್ಲ. ಬಾಂಬ ಒಗದು ಆಚಿ ಹಾರಿದ. ಈಗ ಹೊಳ್ಳಿ ನೋಡ್ಲತ್ತಾನ. ಕೈ ಎತ್ತಿದ ನೋಡು."

"ಬರ್ತೇನಿ ಅಂತ ಸನ್ನಿ ಮಾಡಿದ್ನೇನ?"

"ಹೂಂ. ಬರ್ತೇನಿ ಅಂತ."

ಕುಬರಾ ಉಸಿರು ಬಿಟ್ಟಳು. "ಹಂಗಾರ ಕೇಳು. ಅಂವ ಬರ್ತಾನಂದ್ರ ನಾನೂ ಬರ್ತೇನಿ. ಎರಡನೇ ಭಾಗದ ಪೈಲಾ ದಿನ, ಪೈಲಾ ಆಟ, ಇದೇ ಟಾಕೀಸು, ಇದೇ ಲೇಡೀಸ್ ಬಾಜೂ. ನೀ ಜಾಗಾ ಹಿಡ್ದಿರಬೇಕು."

ಅವಳ ನಂಬರು ಶಾಲುಬಾಯಿಯ ಗಂಡ ಕಾಶೀರಾಮನ ಫೋನಿನಲ್ಲಿತ್ತು. ಆ ಮನುಷ್ಯ ಟ್ಯಾಂಕರ್ ಡ್ರೈವರು. ಮುಚ್ಚಳ ತೆಗೆದು ನೀರೆಷ್ಟಿದೆ ಎಂದು ಬಗ್ಗಿ ನೋಡುವಾಗ ಜೇಬಿನಿಂದ ಫೋನು ಜಾರಿ ಒಳಗೆ ಬಿತ್ತು, ಸಿಮ್ಮೂ ಹಾಳಾಗಿ ಅವನ ನಂಬರೇ ಬದಲಾಯಿತು. ಊರಿಗೆಲ್ಲ ನೀರಿಲ್ಲದ ವರ್ಷ ಆ ಫೋನಿಗೆ ಮಾತ್ರ ಮುಳುಗುವಷ್ಟು ಸಿಕ್ಕಿತ್ತು! ಶಾಲುಬಾಯಿ ಎರಡು ದಿನ ಗಂಡನ ಜೊತೆ ಮಾತಾಡಲಿಲ್ಲ. ಮೂರನೇ ದಿನ ಬಸ್ಸು ಹತ್ತಿ ಔರಾದಿಗೆ, ಕುಬರಾಳ ತವರಿಗೆ ಹೋದಳು. ಮನೆಗೆ ಬೀಗ.

"ಮುದುಕಿನ್ನೂ ಮಗಳು ಕರ್ಕೊಂಡು ಹೋದ್ಳರಿ," ಅಂದ ಪಕ್ಕದ ಅಂಗಡಿಯ ಸುಭಾನ. "ಹೈದ್ರಾಬಾದ್ ಅಂದ್ರ ಸಣ್ಣ ಊರೇನ್ರಿ ಅಕ್ಕಾ? ಯಾವ ಗಲ್ಲಿ ಅಂತ ಹೇಳ್ಲಿ?"

ಹೀಗೆ ಇಬ್ಬರ ನಡುವೆ ಉಳಿದದ್ದು ಆ ಒಂದು ಮಾತು ಮಾತ್ರ. ಎಲ್ಲರೂ ಎರಡನೇ ಭಾಗ ಚೆನ್ನಾಗಿರುತ್ತದೋ ಇಲ್ಲವೋ ಎಂದು ಚಿಂತೆ ಮಾಡಿದರೆ ಶಾಲುಬಾಯಿಗೆ ಅದು ಬಂದರೆ ಸಾಕಿತ್ತು. ದೀಪಾವಳಿಗೆ ಅಂದರು, ಬರಲಿಲ್ಲ. ಜನವರಿ ಅಂದರು, ಅದೂ ಹೋಯಿತು. ದಿನ ಮುಂದೆ ಹೋದಾಗಲೆಲ್ಲ ಅವಳು ಒಲೆಯ ಮುಂದೆ ಕೂತು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಕಾಶೀರಾಮ ಮೊದಮೊದಲು, "ನಿನ್ನ ಸರದಾರಗ ನಮ್ಮ ಬಸ್ಸಿನ ರೋಗ ಬಂದದ, ಹೇಳಿದ ಟೈಮಿಗಿ ಬರಾಂಗಿಲ್ಲ," ಎಂದು ಚೇಷ್ಟೆ ಮಾಡಿದ. ಆಮೇಲಾಮೇಲೆ ಸುಮ್ಮನಾದ.

ಎರಡು ವರ್ಷದಲ್ಲಿ ಅವಳು ಬೇರೆ ಸಿನಿಮಾ ನೋಡಲಿಲ್ಲ ಅಂತಲ್ಲ. ಭಾಲ್ಕಿಯಲ್ಲಿ ಒಂದು ನೋಡಿದಳು. ಬಾಯಿ ತೆರೆದು ಪಕ್ಕಕ್ಕೆ ವಾಲಿದರೆ ಪಕ್ಕದಲ್ಲಿ ಯಾರೋ ಗುರುತಿಲ್ಲದ ಹೆಂಗಸು. ಇಂಟರ್‌ವಲ್‌ನಲ್ಲಿ ಎದ್ದು ಬಂದುಬಿಟ್ಟಳು. ಬಳೆಯ ಕತೆಯೂ ಅಷ್ಟೇ: ಬಸ್ ಸ್ಟ್ಯಾಂಡಿನ ಅಂಗಡಿಯವನು ಇಡುವಾಗ ಎರಡು ಬಳೆ ಕೈಯಲ್ಲೇ ಒಡೆದು ರಕ್ತ ಬಂತು. ಅವಳಿಗೆ ಕುಬರಾ ಬೇಕಾಗಿದ್ದಳು. ಅದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಗಂಡ ದುಡಿಯಲು ಹೋದರೆ ಹೆಂಡತಿ ಅಳಬಹುದು, ಊರು ಅದನ್ನು ಒಪ್ಪುತ್ತದೆ. ಪಕ್ಕದ ಮನೆಯವಳು ಹೋದದ್ದಕ್ಕೆ ಅಳುವವಳನ್ನು ನೋಡಿ ನಗುತ್ತದೆ.

ಕೊನೆಗೆ ಏಪ್ರಿಲ್ ಅಂತ ಗಟ್ಟಿಯಾಯಿತು, ಹದಿನಾಲ್ಕರ ಜಯಂತಿ ಮುಗಿದ ಮುಂದಿನ ವಾರ. ಭಾಲ್ಕಿ ಬಸ್ ಸ್ಟ್ಯಾಂಡಿನಲ್ಲಿ ಪೋಸ್ಟರ್ ಬಿದ್ದದ್ದನ್ನು ನೋಡಲು ಶಾಲುಬಾಯಿ ಓಡಿದಳು. ನೋಡಿದರೆ ಭೀಮಬಾಯಿ ಹೇಳಿದ್ದೇ ಖರೆ. ಮೀಸೆಯಿಲ್ಲದ ಹುಡುಗನೊಬ್ಬ ಕೆಂಪು ಬಟ್ಟೆ ಹಿಡಿದುಕೊಂಡು ನಿಂತಿದ್ದಾನೆ. ಸರದಾರ ಎಲ್ಲೂ ಇಲ್ಲ. ಹೈದರಾಬಾದಿನಲ್ಲೂ ಇದೇ ಪೋಸ್ಟರ್ ಇರುತ್ತದಲ್ಲ? ಕುಬರಾಳಿಗೆ ಕಾಣುವುದಿಲ್ಲ ನಿಜ, ಆದರೆ ಯಾರಾದರೂ ಹೇಳದೆ ಬಿಟ್ಟಾರೆಯೇ? ಅವನು ಬಂದರೆ ನಾನೂ ಬರ್ತೇನಿ ಅಂದಿದ್ದಳು. ಅವನೇ ಬರದಿದ್ದರೆ? ಸುಳ್ಳುಬುರುಕಿ ಎಂದು ಉಗಿದು ಅಲ್ಲೇ ಉಳಿದುಬಿಟ್ಟರೆ?

ಸಿನಿಮಾ ಬಿಡುಗಡೆಯಾದ ದಿನ ಜಯಂತಿಗೆ ತಂದ ಬಿಳಿ ಸೀರೆಯನ್ನೇ ಉಟ್ಟು ಹೊರಟಳು. ಕಾಶೀರಾಮ ಟ್ಯಾಂಕರಿನ ಹತ್ತಿರ ನಿಂತಿದ್ದ.

"ಎರಡ ಟಿಕೀಟ ತಗೊಂಡು ಒಬ್ಬಾಕಿನೇ ಎರಡ ಕುರ್ಚಿ ಮ್ಯಾಲ ಹ್ಯಾಂಗ ಕೂಡ್ತಿ?"

"ಸುಮ್ಮಕಿರ್ರಿ. ಬರ್ತಾಳ ಅಕಿ."

ಅವನು ಅವಳ ಮುಖ ನೋಡಿದ. ಹೆಗಲ ಮೇಲಿನ ದಸ್ತಿ ಟವೆಲ್ಲನ್ನು ತೆಗೆದು ಝಾಡಿಸಿ ಮಡಚಿ ಅವಳ ಕೈಗಿಟ್ಟ. "ಇದನ್ನ ಹಾಕು. ಬಸ್ಸಿನ್ಯಾಗ ಇದರ ಮ್ಯಾಲ ಯಾರೂ ಕೂತಿಲ್ಲ ಇಲ್ಲೀತನಕ," ಅಂದ.

ಹನ್ನೆರಡು ಗಂಟೆಗೆ ಮೊದಲ ಆಟ. ಬೀದರಿನ ಟಾಕೀಸಿನ ಮುಂದೆ ಹುಡುಗರ ಶಿಳ್ಳೆ, ಡೋಲು, ಕಾಗದದ ಚೂರು. ಶಾಲುಬಾಯಿ ಗೇಟಿನ ಹೊರಗೆ ಬಿಸಿಲಲ್ಲಿ ನಿಂತು ಪ್ರತಿ ಬುರ್ಖಾದ ಮುಖವನ್ನೂ ಹುಡುಕಿದಳು. ಮೂರು ಆಟೋ ಬಂದವು, ಮೂರರಲ್ಲೂ ಅವಳಿಲ್ಲ. ಗಂಟೆ ಬಾರಿಸಿದ ಮೇಲೆ ಒಳಗೆ ಹೋಗಿ ಅದೇ ಸಾಲಿನಲ್ಲಿ ಕೂತು ಪಕ್ಕದ ಕುರ್ಚಿಗೆ ದಸ್ತಿ ಹಾಸಿದಳು.

"ಆಂಟೀ, ಯಾರರೆ ಇದ್ದಾರೇನ್ರಿ ಇಲ್ಲಿ?" ಎಂದು ಕಾಲೇಜಿನ ಹುಡುಗಿ ಕೇಳಿದಳು.

"ಇದ್ದಾರವ್ವಾ."

"ಎಲ್ಲಿದ್ದಾರ್ರಿ?"

"ಹೈದ್ರಾಬಾದ್‌ದಾಗ," ಎಂದುಬಿಟ್ಟಳು ಶಾಲುಬಾಯಿ. ಹುಡುಗಿ ಒಂದು ಥರಾ ನೋಡಿ ಮುಂದೆ ಹೋದಳು.

ದೀಪ ಆರಿತು. ಮೊದಲ ದೃಶ್ಯ ಒಂದು ಮನೆ, ಮನೆಯ ಗೋಡೆ, ಗೋಡೆಯ ಮೇಲೆ ಸರದಾರನ ಫೋಟೋ. ಫೋಟೋಕ್ಕೆ ಹೂವಿನ ಹಾರ. ಟಾಕೀಸಿಗೆ ಟಾಕೀಸೇ ಅಯ್ಯೋ ಅಂದಿತು, ಕೆಲವರು ಎದ್ದು ನಿಂತು ಬೈದರು. ಶಾಲುಬಾಯಿ ಬೈಯಲಿಲ್ಲ. ಮುಗಿಯಿತಲ್ಲ, ಇನ್ನೇನು ಬರ್ತಾಳೆ ಎಂದುಕೊಂಡು ದಸ್ತಿಯ ತುದಿ ಎಳೆದುಕೊಳ್ಳಲು ಕೈ ಚಾಚಿದಳು.

ಕತ್ತಲಲ್ಲಿ ಯಾರೋ ಆ ಕೈ ಹಿಡಿದರು. ಮುಂಗೈಯನ್ನು ಮೆಲ್ಲಗೆ ಒತ್ತಿದರು. ಬಳೆಗಳನ್ನು ಒಂದೊಂದಾಗಿ ಮುಟ್ಟಿದರು.

"ಥೂ, ಇವನ್ನ ಯಾವ ಕತ್ತೆ ಇಟ್ಟಾನ? ಒಂದ್ ಅಳತಿ ದೊಡ್ಡು ಆಗ್ಯಾವ. ಸೊರಗಿದಿ ನೀ."

ಕುಬರಾ ದಸ್ತಿ ಸರಿಸಿ ಕೂತಳು. "ಗಾಡಿ ಲೇಟಾತು. ಸಂಜಿ ಗಾಡಿಗೇ ಹೊಳ್ಳಿ ಹೋಗ್ಬೇಕು, ಕೆಲ್ಸಕ್ಕ ಒಂದೇ ದಿನ ರಜಾ ಕೊಟ್ಟಾರ." ಆಗ ತೆರೆಯ ಬೆಳಕು ಅವಳ ಮುಖದ ಮೇಲೆ ಬಿತ್ತು. ಮೂಗಿನ ಮೇಲೆ ದಪ್ಪ ಗಾಜಿನ ಚಸ್ಮಾ.

"ಕುಬರಾ, ಚಸ್ಮಾ..."

"ಹೋದ ವರ್ಷ ಬಂತು. ಕಣ್ಣಿನ ಕ್ಯಾಂಪ್‌ನ್ಯಾಗ ಪುಕ್ಕಟೆ ಕೊಟ್ರು. ಹಾಕ್ಕೊಂಡು ಪೈಲೇ ಏನ್ ಮಾಡಿದೆ ಗೊತ್ತದೇನ? ನಾದಿನಿ ಮೊಬೈಲ್‌ದಾಗ ಸರದಾರನ ಪಿಚ್ಚರ್ ನೋಡಿದೆ. ಮೂರ್ ಸಲ."

ನೆಲ ಬಾಯಿ ಬಿಟ್ಟರೆ ಶಾಲುಬಾಯಿ ಇಳಿದುಹೋಗುತ್ತಿದ್ದಳು.

"ಕೋತಿ ಇಲ್ಲ, ಜರಿ ಇಲ್ಲ, ಏನೂ ಇಲ್ಲ. ಭಾಳ ಬ್ಯಾಸರದ ಪಿಚ್ಚರ್. ಅಖೇರಿಗಿ ಅಂವ ಹೊಳ್ಳೀನೂ ನೋಡ್ಲಿಲ್ಲ."

"ಗೊತ್ತಿದ್ದೂ ಯಾಕ ಬಂದಿ ಮತ್ತ?"

"ಹುಚ್ಚಿ. ಅಂವ ಕೈ ಎತ್ತಲಿಲ್ಲಂದ್ರ ಎತ್ತಿದಾಕಿ ನೀನೇ ಅಲ್ಲೇನ? ಬರ್ತೇನಿ ಅಂದಾಕಿನೂ ನೀನೇ, ಅದಕ್ಕ ಬಂದೆ." ಕುಬರಾ ಚಸ್ಮಾ ತೆಗೆದಳು. ಡಬ್ಬಿಯಲ್ಲಿಟ್ಟು ಮುಚ್ಚಿ, ಡಬ್ಬಿಯನ್ನು ಚೀಲದ ತಳಕ್ಕೆ ತುರುಕಿ, ಕಿವಿಯನ್ನು ಶಾಲುಬಾಯಿಯ ಕಡೆ ವಾಲಿಸಿದಳು. "ಈಗ ಹೇಳು. ಏನ್ ನಡದದ ಅಲ್ಲಿ?"

ಶಾಲುಬಾಯಿ ತೆರೆಯತ್ತ ನೋಡಿದಳು. ಕಣ್ಣು ತುಂಬಿಹೋಗಿ ಬರೀ ಬಣ್ಣ ಅಲುಗಾಡುತ್ತಿತ್ತು, ಮತ್ತೇನೂ ಕಾಣುತ್ತಿರಲಿಲ್ಲ.

"ಯಾರೋ ಬರ್ಲತ್ತಾರ," ಅಂದಳು. "ಭಾಳ ದೂರದಿಂದ ಬರ್ಲತ್ತಾರ. ತಡಿ, ಹೇಳ್ತೇನಿ."