ಸಿಪ್ಪೆ ತೆಗೆಯದವರ ಪಟ್ಟಿ

ಸ್ಮೋಲ್ಯಾನ್ ಊರಿನಲ್ಲಿ ಸ್ವಿಲೆನ್ ಕಬಕ್ಚಿಯೆವ್ ಸದ್ದಿಲ್ಲದೆ ಸುದ್ದಿಯಾದವನು. ಕಂಪ್ಯೂಟರ್ ರಿಪೇರಿ ಅವನ ಹೊಟ್ಟೆಪಾಡು. ಕಂಪ್ಯೂಟರಿನ ಬಾಯಿ ಮುಚ್ಚಿಸುವುದು ಅವನ ಹುಚ್ಚು. ಅವನ ಅಂಗಡಿಗೆ ಹೋದರೆ ಯಂತ್ರ ಚಾಲೂ ಇದೆಯೋ ಇಲ್ಲವೋ ಅಂತ ಗೊತ್ತಾಗಲು ಪುಟ್ಟ ದೀಪವನ್ನು ಹುಡುಕಬೇಕಿತ್ತು.

ಅವನಂಥವರದೇ ಒಂದು ಕೂಟ ನೆಟ್ಟಿನಲ್ಲಿತ್ತು. ‘ನಿಶ್ಶಬ್ದಿಗಳು’ ಅಂತ ಹೆಸರು. ಸೋಫಿಯಾದಿಂದ ವಾರ್ನಾವರೆಗೆ ನಾನೂರು ಸದಸ್ಯರು. ಎಲ್ಲರೂ ಫ್ಯಾನು ಕಂಡರಾಗದವರು, ಸ್ವಿಲೆನ್‌ಗೆ ಮಾತ್ರ ಫ್ಯಾನುಗಳು. ಕೂಟದ ಯಜಮಾನಿಕೆ ಅವನದೇ. ಅಲ್ಲಿ ಅವನು ಶುರುಮಾಡಿದ ಒಂದು ಪುಟ ಇಡೀ ಕೂಟದಲ್ಲಿ ಜನಪ್ರಿಯವಾಗಿತ್ತು: ಸಿಪ್ಪೆ ತೆಗೆಯದವರ ಪಟ್ಟಿ.

ವಿಷಯ ಇಷ್ಟೇ. ಬಿಸಿಯಾಗುವ ಚಿಪ್ಪಿನ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳ ಹೀಟ್‌ಸಿಂಕ್ ಕೂರಿಸಿದರೆ, ಫ್ಯಾನಿಲ್ಲದೆಯೇ ಶಾಖ ರೆಕ್ಕೆಗಳಿಗೇರಿ ಗಾಳಿಗೆ ಹೋಗುತ್ತದೆ. ಹೀಟ್‌ಸಿಂಕಿನ ಅಡಿಗೆ ಒಂದು ಮೆತ್ತನೆಯ ಪಟ್ಟಿ ಅಂಟಿರುತ್ತದೆ. ಅದಕ್ಕೆ ಧೂಳು ಕೂರದಿರಲಿ ಅಂತ ಕಂಪನಿಯವರು ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿರುತ್ತಾರೆ. ಆ ಸಿಪ್ಪೆಯನ್ನು ಸುಲಿದು ಕೂರಿಸಬೇಕು. ಸುಲಿಯದೆ ಕೂರಿಸಿದರೆ ಶಾಖ ಮೇಲೇರದು, ಚಿಪ್ಪು ಒಳಗೊಳಗೇ ಬೇಯುತ್ತದೆ. ಹಾಗೆ ಮರೆತವರ ಹೆಸರು, ಫೋಟೊ, ಜೊತೆಗೆ ಸ್ವಿಲೆನ್ ಬರೆದ ಎರಡು ಸಾಲಿನ ಲೇವಡಿ ಆ ಪುಟಕ್ಕೆ ಏರುತ್ತಿತ್ತು. ಪ್ಲೊವ್ದಿವ್‌ನ ಒಬ್ಬ ಹಲ್ಲಿನ ಡಾಕ್ಟರ ಬಗ್ಗೆ, ‘ಚಾಕೊಲೇಟನ್ನು ಕಾಗದದ ಸಮೇತ ನುಂಗಿದ ಮಹಾನುಭಾವರು.’ ರೂಸೆಯ ಒಬ್ಬ ಮೇಷ್ಟ್ರ ಬಗ್ಗೆ, ‘ಮಕ್ಕಳೇ, ಯಾರಾದರೂ ಮೇಷ್ಟ್ರಿಗೆ ಬಾಳೆಹಣ್ಣು ಸುಲಿಯೋದು ಕಲಿಸಿ.’ ಮೇಷ್ಟ್ರು ಮರುದಿನವೇ ಕೂಟ ಬಿಟ್ಟರು. ‘ಸದ್ದಿಲ್ಲದೆ ಹೋದ್ರು, ನಿಜವಾದ ನಿಶ್ಶಬ್ದಿ’ ಅಂತ ಸ್ವಿಲೆನ್ ಅದಕ್ಕೂ ಒಂದು ಸಾಲು ಸೇರಿಸಿದ. ಪಟ್ಟಿಯಲ್ಲಿ ಆಗ ಮೂವತ್ತೇಳು ಜನ.

ಆ ವರ್ಷ, ಎರಡು ಸಾವಿರದ ಆರರ ಅಕ್ಟೋಬರಿನಲ್ಲಿ, ರಾಲಿಟ್ಸಾ ಅಂಗಡಿಗೆ ಬಂದಳು. ಊರಿನ ಓದುಮನೆಯ ಹಿಂದಿನ ಕೋಣೆಯಲ್ಲಿ ಗೋಡೆ ತುಂಬ ಉಣ್ಣೆ ಕಂಬಳಿ ತೂಗುಹಾಕಿ, ಬೆಟ್ಟದ ಮುದುಕಿಯರ ಹಾಡುಗಳನ್ನು ಕಂಪ್ಯೂಟರಿಗೆ ಹಿಡಿದಿಡುವುದು ಅವಳ ಕೆಲಸ.

“ಸ್ವಿಲೆನ್, ನನ್ನ ಕಂಪ್ಯೂಟರೊಳಗೆ ಸೊಳ್ಳೆ ಸೇರ್ಕೊಂಡಿದೆ ಕಣೋ. ಯಾರ ಹಾಡು ಹಿಡಿದ್ರೂ ಹಿಂದುಗಡೆ ಗುಂಯ್ ಅಂತಿರುತ್ತೆ.”

“ಚಿಪ್‌ಸೆಟ್ ಫ್ಯಾನು, ಅಕ್ಕ. ಬೆಂಕಿಪೊಟ್ಟಣದಷ್ಟು ಗಾತ್ರ, ಬಾಯಿ ನೋಡಿದ್ರೆ ಪಂಚಾಯ್ತಿ ಅಧ್ಯಕ್ಷರದ್ದು. ಕಿತ್ತು ಬಿಸಾಕ್ತೀನಿ.”

“ನಾಳಿದ್ದು ಝ್ಲಾತಾ ಅಜ್ಜಿ ಬರ್ತಿದಾರೆ. ಎಂಬತ್ನಾಲ್ಕು ವರ್ಷ. ನಲವತ್ತು ನಿಮಿಷದ ಹಾಡು, ಅವರೊಬ್ಬರಿಗೇ ಬರೋದು. ಅವರಮ್ಮ ತೀರಿದ ದಿನ ಬಿಟ್ರೆ ವರ್ಷದಲ್ಲಿ ಇನ್ಯಾವತ್ತೂ ಅದನ್ನ ಹಾಡಲ್ಲ. ಎರಡು ವರ್ಷ ಕಾಲು ಹಿಡಿದಿದೀನಿ. ಎಡವಟ್ಟಾಗಬಾರದು.”

“ನನ್ನ ಕೈಲಿ ಎಡವಟ್ಟಾ?” ಅಂದ ಸ್ವಿಲೆನ್.

ಮರುದಿನ ಫ್ಯಾನು ಕಿತ್ತ. ಹಳೆಯ ಅಂಟನ್ನು ರಕಿಯಾ ಸಾರಾಯಿಯಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ, ಉಳಿದ ರಕಿಯಾಕ್ಕೂ ಒಂದು ದಾರಿ ಕಾಣಿಸಿದ. ಎತ್ತರದ ರೆಕ್ಕೆಗಳ ಹೊಸ ಹೀಟ್‌ಸಿಂಕ್ ಕೂರಿಸಿ, ನಾಲ್ಕು ಕೋನದಿಂದ ಫೋಟೊ ತೆಗೆದು ಕೂಟಕ್ಕೆ ಹಾಕಿದ. ಎರಡು ಗಂಟೆ ಓಡಿಸಿ ನೋಡದೆ ಯಾವ ಯಂತ್ರವನ್ನೂ ಮುಚ್ಚಬೇಡಿ ಅಂತ ನಾನೂರು ಜನಕ್ಕೆ ಬೋಧಿಸುತ್ತಿದ್ದವನು ಹತ್ತು ನಿಮಿಷ ಓಡಿಸಿದ. ಹೊಗಳಿಕೆ ಬರತೊಡಗಿತ್ತು, ಓದುವುದಿತ್ತು.

ಝ್ಲಾತಾ ಅಜ್ಜಿ ಬಂದರು. ಬೆಳಗಿನ ಬಸ್ಸಿನಲ್ಲಿ, ಕಪ್ಪು ತಲೆವಸ್ತ್ರ ಕಟ್ಟಿ, ಮಡಿಲಲ್ಲಿ ಬಟ್ಟೆ ಸುತ್ತಿದ ಪತಾತ್ನಿಕ್ ಅನ್ನುವ ಆಲೂಗಡ್ಡೆ ರೊಟ್ಟಿ ಇಟ್ಟುಕೊಂಡು. ಸ್ವಿಲೆನ್ ತನ್ನ ಮೌನದ ಮಹಿಮೆ ನೋಡಲೆಂದೇ ಬಾಗಿಲ ಬಳಿ ನಿಂತಿದ್ದ. ಕೋಣೆ ಸಮಾಧಿಯಷ್ಟು ಶಾಂತವಾಗಿತ್ತು. ರಾಲಿಟ್ಸಾ ಅವನತ್ತ ನೋಡಿ ಕಣ್ಣಲ್ಲೇ ಭೇಷ್ ಅಂದಳು.

ಅಜ್ಜಿ ಹಾಡಲು ಶುರುಮಾಡಿದರು. ಎರಡು ಗುಡ್ಡದಾಚೆಯ ಕುರಿಗಾಹಿಗೆ ಕೇಳಲೆಂದು ಬೆಳೆದ ಗಂಟಲು ಅದು. ಕಂಬಳಿಗಳೇ ಅಲುಗಿದಂತಾಯಿತು. ಹತ್ತು ನಿಮಿಷಕ್ಕೆ ರಾಲಿಟ್ಸಾ ಕಣ್ಣೊರೆಸಿಕೊಂಡಳು. ಇಪ್ಪತ್ತಕ್ಕೆ ಸ್ವಿಲೆನ್ ಕೂಡ. ಮೂವತ್ತೊಂದನೆಯ ನಿಮಿಷದಲ್ಲಿ ಪರದೆ ನಿಂತಲ್ಲೇ ನಿಂತಿತು. ಅಜ್ಜಿಗೆ ಪರದೆ ಕಾಣದು. ಅವರು ಕೊನೆಯವರೆಗೂ ಹಾಡಿದರು. ಯಂತ್ರವನ್ನು ಆರಿಸಿ ಹಚ್ಚಿದಾಗ ಒಳಗೆ ಒಂದು ಸಾಲೂ ಉಳಿದಿರಲಿಲ್ಲ.

ಸ್ವಿಲೆನ್ ಪೆಟ್ಟಿಗೆ ಬಿಚ್ಚಿ ಹೀಟ್‌ಸಿಂಕಿನ ರೆಕ್ಕೆ ಮುಟ್ಟಿದ. ಸುಡುತ್ತದೆ ಅಂದುಕೊಂಡು ಮುಟ್ಟಿದ ಬೆರಳಿಗೆ ತಣ್ಣಗೆ ತಗುಲಿತು. ಪಕ್ಕದ ಬೋರ್ಡು ಮಾತ್ರ ಕೆಂಡ. ಮೂವತ್ತೇಳು ಜನರಿಗೆ ಅವನೇ ಹೇಳಿಕೊಟ್ಟ ಲಕ್ಷಣ ಅದು: ರೆಕ್ಕೆ ತಣ್ಣಗಿದ್ದರೆ ಸಿಪ್ಪೆ ಇದೆ ಅಂತಲೇ ಅರ್ಥ.

“ಏನಾಯ್ತೋ?” ರಾಲಿಟ್ಸಾ ಕೇಳಿದಳು. “ಕರೆಂಟಾ?”

ಅಷ್ಟರಲ್ಲಿ ಅಜ್ಜಿ ಎದ್ದು ಬಂದರು. “ಕರೆಂಟಲ್ಲಮ್ಮ, ನಾನು. ನನ್ನ ಬಾಯಿ ಜೋರು. ನನ್ನ ಗಂಡನೂ ಅದನ್ನೇ ಹೇಳ್ತಿದ್ದ. ಪಾಪ, ಇಷ್ಟು ನಾಜೂಕು ಯಂತ್ರ, ತಡ್ಕೊಳ್ಳಲಿಲ್ಲ. ತಪ್ಪಾಯ್ತು ಮಗಾ.”

ಸ್ವಿಲೆನ್‌ನ ಭುಜ ಹಿಡಿದು ಹೇಳಿದರು. ಅವನು ಬಾಯಿ ತೆರೆದ. ತೆರೆದ ಬಾಯಿಂದ “ನೋಡ್ಬೇಕು, ಅಂಗಡಿಗೆ ತಗೊಂಡು ಹೋಗಿ ನೋಡ್ತೀನಿ” ಅನ್ನುವುದಷ್ಟೇ ಬಂತು. ಎಂಥೆಂಥ ಯಂತ್ರಗಳನ್ನೋ ಸುಮ್ಮನಾಗಿಸಿದವನು ಅವತ್ತು ತನ್ನನ್ನೇ ಸುಮ್ಮನಾಗಿಸಿಕೊಂಡ.

ಅಂಗಡಿಯಲ್ಲಿ ಹೀಟ್‌ಸಿಂಕ್ ಕಿತ್ತಾಗ ಹಾಳೆ ಅಲ್ಲೇ ಇತ್ತು. ಮುದುರಿ, ನಡುವೆ ಅವನದೇ ಹೆಬ್ಬೆಟ್ಟಿನ ಗುರುತು, ಸಹಿ ಹಾಕಿಸಿಕೊಂಡಂತೆ. ಹಾಳೆ ಸುಲಿದು ಕೂರಿಸಿದ ಮೇಲೆ ಯಂತ್ರ ಎರಡು ದಿನ ಬಿಡದೆ ಓಡಿತು. ಕೂಟಕ್ಕೆ ಹಾಕಿದ್ದ ಫೋಟೊ ತೆರೆದು ದೊಡ್ಡದು ಮಾಡಿ ನೋಡಿದ. ಹೀಟ್‌ಸಿಂಕಿನ ಅಂಚಿನಲ್ಲಿ ಹಾಳೆಯ ನೀಲಿ ತುದಿ ಕೂದಲೆಳೆಯಷ್ಟು ಇಣುಕುತ್ತಿತ್ತು. ಯಾರೂ ಗಮನಿಸಿರಲಿಲ್ಲ. ಫೋಟೊ ಅಳಿಸಿದ. ರಾಲಿಟ್ಸಾ ಕೇಳಿದಾಗ, “ಈಗ ಸರಿಹೋಯ್ತು ಅಕ್ಕ” ಅಂದ. ಸುಳ್ಳಂತೂ ಹೇಳಲಿಲ್ಲ ಅಂತ ಮೂರು ವಾರ ತನಗೆ ತಾನೇ ಹೇಳಿಕೊಂಡ.

ಮೂರು ವಾರ ಆದಮೇಲೆ ಬಸ್ ಡ್ರೈವರ್ ಅಂಗಡಿಗೆ ಒಂದು ಗಂಟು ತಂದುಕೊಟ್ಟ. ಒಂದು ಚೀಲ ದಪ್ಪ ಹುರುಳಿಕಾಯಿ ಬೀಜ, ಒಂದು ಜೊತೆ ಉಣ್ಣೆ ಕಾಲುಚೀಲ. “ಝ್ಲಾತಾ ಅಜ್ಜಿ ಕಳಿಸಿದ್ದು. ಅವರು ಹಾಳು ಮಾಡಿದ ಯಂತ್ರದ ಹುಡುಗನಿಗಂತೆ. ಪಾಪ ಕಣಯ್ಯ, ಊರಲ್ಲಿ ಎಲ್ಲರೂ ಯಂತ್ರಮುರುಕಿ ಅಂತ ರೇಗಿಸ್ತಾರೆ. ಭಾನುವಾರ ಚರ್ಚ್ ಅಂಗಳದಲ್ಲಿ ಹಾಡೋದನ್ನೂ ಬಿಟ್ಬಿಟ್ಟಿದಾರೆ.”

ಕಾಲುಚೀಲ ಹೊಸದು, ಬಿಗಿ ಹೆಣಿಗೆ, ಸರಿಯಾಗಿ ಅವನ ಅಳತೆ. ಯಾವಾಗ ಪಾದ ನೋಡಿದ್ದರೋ ಮುದುಕಿ. ಸ್ವಿಲೆನ್‌ನ ಕಿವಿ ಬಿಸಿಯಾಯಿತು. ಅದಕ್ಕೆ ಯಾವ ರೆಕ್ಕೆಯೂ ಸಾಲದು.

ಅವತ್ತೇ ಪಟ್ಟಿಗೆ ಮೂವತ್ತೆಂಟನೆಯ ಹೆಸರು ಸೇರಿಸಿದ. ‘ಸ್ವಿಲೆನ್ ಕಬಕ್ಚಿಯೆವ್. ಊರಿಗೆಲ್ಲ ಸುಲಿಯಲು ಹೇಳಿ ತಾನು ಸಿಪ್ಪೆ ತಿಂದ ಗುರುಗಳು.’ ಅರ್ಧ ಗಂಟೆಯಲ್ಲಿ ಎಪ್ಪತ್ತು ಉತ್ತರ. ‘ಎಂಥ ದೊಡ್ಡ ಮನಸ್ಸು!’ ‘ಒಪ್ಪಿಕೊಳ್ಳೋಕೂ ಗಂಡೆದೆ ಬೇಕು!’ ಹಲ್ಲಿನ ಡಾಕ್ಟರು ಒಂದು ನಗುವಿನ ಚಿತ್ರ ಹಾಕಿದ್ದರು. ಮೇಷ್ಟ್ರು ಇರಲಿಲ್ಲ. ಓದುತ್ತ ಓದುತ್ತ ಸ್ವಿಲೆನ್‌ಗೆ ಹೇಸಿಗೆಯಾಯಿತು. ಮುದುಕಿಯ ಹಾಡು ಕಳೆದದ್ದಕ್ಕೆ ತನಗೆ ಚಪ್ಪಾಳೆ ಬೀಳುತ್ತಿತ್ತು.

ರಾಲಿಟ್ಸಾಳ ಬಳಿ ಹೋಗಿ ಹೇಳಿದ. ಅವಳು ಗೋಡೆಯ ಒಂದು ಕಂಬಳಿಯನ್ನು ಎಳೆದು ನೇರ ಮಾಡಿದಳು.

“ನಂಗೆ ಹೇಳಿದ್ಯಲ್ಲ, ಆಯ್ತು. ನಾನು ಅಜ್ಜಿ ಅಲ್ಲ. ಒಂಬತ್ತೂವರೆಗೆ ಬಸ್ಸಿದೆ.”

ಅಜ್ಜಿ ಅಂಗಳದಲ್ಲಿ ಮೆಣಸಿನಕಾಯಿ ಸರ ಕಟ್ಟುತ್ತಿದ್ದರು. ಅವನನ್ನು ಕಂಡದ್ದೇ ಗಾಬರಿಯಾದರು. “ಅಯ್ಯೋ, ಯಂತ್ರ ಇನ್ನೂ ಸರಿಹೋಗ್ಲಿಲ್ವಾ?”

ಸ್ವಿಲೆನ್ ಜೇಬಿನಿಂದ ಮುದುರಿದ ಹಾಳೆ ತೆಗೆದು ಅವರ ಕೈಯಲ್ಲಿಟ್ಟ. ಎಲ್ಲ ಹೇಳಿದ. ನೆಲ ನೋಡುತ್ತಲೇ ಹೇಳಿದ: ಫ್ಯಾನು, ರೆಕ್ಕೆ, ಸಿಪ್ಪೆ, ಹತ್ತು ನಿಮಿಷ, ಫೋಟೊ. “ನಿಮ್ಮ ದನಿಯಿಂದ ಏನೂ ಆಗಿಲ್ಲ ಅಜ್ಜಿ. ಅವತ್ತು ರೆಕ್ಕೆ ಮುಟ್ಟಿದಾಗಲೇ ನಂಗೆ ಗೊತ್ತಾಗಿತ್ತು. ನೀವು ತಪ್ಪಾಯ್ತು ಅಂತಿದ್ದಾಗಲೂ ಗೊತ್ತಿತ್ತು.”

ಅಜ್ಜಿ ಹಾಳೆಯನ್ನು ಬಿಸಿಲಿಗೆ ಹಿಡಿದರು. “ಇದಾ?”

“ಇದೇ.”

“ಈರುಳ್ಳಿ ಸಿಪ್ಪೆಗೆ ಇದಕ್ಕಿಂತ ಮಾನ ಇದೆ.” ಅವರು ನಗಲಿಲ್ಲ. “ಮೂರು ವಾರ ನಾನು ನಿದ್ದೆ ಮಾಡಿಲ್ಲ ಕಣೋ. ಅಮ್ಮನ ಹಾಡನ್ನ ನಾನೇ ಕೊಂದೆ ಅಂತ.”

“ಗೊತ್ತು. ಅಲ್ಲ, ಗೊತ್ತಿರ್ಲಿಲ್ಲ. ತಪ್ಪಾಯ್ತು.”

“ಇಷ್ಟು ಮೆತ್ತಗೆ ಹೇಳಿದ್ರೆ ಯಾರಿಗೆ ಕೇಳ್ಸುತ್ತೆ?”

“ಅಜ್ಜಿ?”

ಅವರು ಕಣಿವೆಯಾಚೆಯ ಮನೆಗಳತ್ತ ಕೈ ತೋರಿಸಿದರು. “ಅಲ್ಲಿ ಕೇರಾ ಇದಾಳೆ. ನನ್ನ ಯಂತ್ರಮುರುಕಿ ಅಂದವಳು ಅವಳೇ. ಅವಳಿಗೆ ಹೇಳು.”

“ಹೋಗಿ ಹೇಳ್ತೀನಿ.”

“ಹೋಗೋದಲ್ಲ. ನಾವು ಇಲ್ಲಿಂದ್ಲೇ ಹೇಳೋದು.”

ಹದಿನೈದು ವರ್ಷದಿಂದ ಸದ್ದು ಅಡಗಿಸುತ್ತ ಬಂದ ಸ್ವಿಲೆನ್ ಅಂಗಳದ ಕಲ್ಲುಗೋಡೆಯ ಮೇಲೆ ಹತ್ತಿ ನಿಂತ. “ಯಂತ್ರ ಕೆಡಿಸಿದ್ದು ನಾನು!” ದನಿ ಅರ್ಧ ಕಣಿವೆಗೂ ಹೋಗಲಿಲ್ಲ.

“ಹೊಟ್ಟೆಯಿಂದ,” ಅಂದರು ಅಜ್ಜಿ.

“ಯಂತ್ರ ಕೆಡಿಸಿದ್ದು ನಾನು! ಝ್ಲಾತಾ ಅಜ್ಜಿ ಅಲ್ಲ!”

ಆಚೆ ಒಂದು ಕಿಟಕಿ ತೆರೆಯಿತು. ಆಮೇಲೆ ಇನ್ನೆರಡು. “ಯಾರಪ್ಪಾ ನೀನು? ಹೇಗೆ ಕೆಡಿಸ್ದೆ?” ಅಂತ ಹೆಂಗಸಿನ ದನಿ ಕಣಿವೆ ದಾಟಿ ಬಂತು.

ಸ್ವಿಲೆನ್ ತಿರುಗಿ ನೋಡಿದ. ಅಜ್ಜಿ ಮೆಣಸಿನಕಾಯಿ ಸರವನ್ನು ಮತ್ತೆ ಕೈಗೆತ್ತಿಕೊಂಡಿದ್ದರು.

“ಹೇಳು. ಮೊದಲಿಂದ ಹೇಳು. ಬರೋ ಅಕ್ಟೋಬರಲ್ಲಿ ನಾನಿದ್ರೆ ಹಾಡ್ತೀನಿ. ಇಲ್ದಿದ್ರೆ ಇವರಿಗಾದ್ರೂ ಗೊತ್ತಿರ್ಲಿ, ಹಾಡು ಯಾಕೆ ಹೋಯ್ತು ಅಂತ.”

ಸ್ವಿಲೆನ್ ಹೊಟ್ಟೆ ತುಂಬ ಉಸಿರು ಎಳೆದುಕೊಂಡು, ಸಿಪ್ಪೆಯ ಕತೆಯನ್ನು ಕೂಗಿ ಹೇಳತೊಡಗಿದ. ಒಂದೊಂದು ವಾಕ್ಯವನ್ನೂ ಗುಡ್ಡ ಚೂರೂ ಕಡಿಮೆ ಮಾಡದೆ ಅವನಿಗೇ ತಿರುಗಿ ಕೇಳಿಸುತ್ತಿತ್ತು.