ಎಲುಬಿಗೆ ಮಾತ್ರ ಅಪ್ಪಣೆ

ಇಪ್ಪತ್ತನಾಲ್ಕು ವರ್ಷದಿಂದ ನಾನು ಗೈಡು. ಗಲಿಲಾಯದ ಒಂದೊಂದು ಕಲ್ಲೂ ನನಗೆ ಗೊತ್ತು. ಯಾವ ಕಲ್ಲಿನ ಮುಂದೆ ಬಾಯಿ ಮುಚ್ಚಿಕೊಂಡಿರಬೇಕು ಅನ್ನುವುದೂ ಗೊತ್ತು. ಈ ಎರಡನೆಯದು ಗೊತ್ತಿಲ್ಲದವನು ಈ ಕೆಲಸದಲ್ಲಿ ಎರಡು ಸೀಸನ್ ಕೂಡ ಬಾಳುವುದಿಲ್ಲ.

ಹೆಸರು ಶುಕ್ರಿ. ಅರಬ, ಕ್ರೈಸ್ತ, ವಯಸ್ಸು ಐವತ್ತು. ನನ್ನ ಬಸ್ಸಿಗೆ ಹತ್ತುವವರೆಲ್ಲ ಅಮೆರಿಕದ ಚರ್ಚುಗಳವರು. ಒಂಬತ್ತು ದಿನದ ಪ್ರವಾಸ, 'ಬೈಬಲ್ಲಿನ ಯುದ್ಧಗಳು ಮತ್ತು ಕೊನೆಯ ದಿನಗಳು' ಅಂತ ಹೆಸರು. ಒಂದು ಗುಡ್ಡ ಕಂಡರೆ ಅವರಿಗೆ ಎರಡೇ ಪ್ರಶ್ನೆ: ಹಿಂದೆ ಇಲ್ಲಿ ಯಾವ ಯುದ್ಧ ಆಯಿತು, ಮುಂದೆ ಯಾವುದು ಆಗುತ್ತದೆ. ಈ ಎರಡು ಯುದ್ಧಗಳ ನಡುವೆ ಅಲ್ಲಿ ಯಾರಾದರೂ ಒಲೆ ಹಚ್ಚಿದ್ದರಾ, ಮಗು ಹೆತ್ತಿದ್ದರಾ ಅಂತ ಕೇಳುವವರು ಕಡಿಮೆ. ಕೇಳಿದರೂ ಉತ್ತರ ಕೊಡುವ ಗೈಡುಗಳು ಇನ್ನೂ ಕಡಿಮೆ.

ಹಿಂದಿನ ಯುದ್ಧಗಳನ್ನು ಹೇಳಲು ನಫ್ತಾಲಿ ಇದ್ದ. ನಿವೃತ್ತ ಸೇನಾಧಿಕಾರಿ, ಎಪ್ಪತ್ತರ ಹತ್ತಿರದ ಯೆಹೂದಿ, ಯೆಹೂದಿಗಳ ದೇಶ ಹುಟ್ಟಿದ ನಲವತ್ತೆಂಟರ ಯುದ್ಧದಲ್ಲಿ ಬಂದೂಕು ಹಿಡಿದವನು. ಮುಂದಿನದನ್ನು ಹೇಳಲು ಅವರ ಪಾಸ್ಟರ್ ವೆಂಡೆಲ್ ಇದ್ದರು. ನೀರು, ಶೌಚಾಲಯ, ತಲೆ ಎಣಿಸುವುದು, ಇವಿಷ್ಟು ನನ್ನ ಪಾಲು.

ಆವತ್ತು ಶನಿವಾರ, ಮಾರನೇ ದಿನ ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಹಬ್ಬ. ಬೆಳಿಗ್ಗೆ ಹತ್ತಕ್ಕೆ ಗಿದ್ಯೋನನ ಬುಗ್ಗೆಯ ಹತ್ತಿರ ಬಸ್ಸು ನಿಂತಿತು. ಗಿದ್ಯೋನ ತನ್ನ ದಂಡಿಗೆ ನೀರು ಕುಡಿಸಿ, ಮುನ್ನೂರೇ ಜನರನ್ನು ಆರಿಸಿಕೊಂಡ ಜಾಗ ಅದು. ನಫ್ತಾಲಿ ಕೋಲಿನಿಂದ ನೀರನ್ನು ತೋರಿಸುತ್ತ ಹೇಳುತ್ತಿದ್ದ.

"ಬಗ್ಗಿ ಬಾಯಿ ಹಾಕಿ ಕುಡಿದೋನಿಗೆ ಶತ್ರು ಕಾಣಲ್ಲ. ಕೈಯಲ್ಲಿ ಎತ್ತಿ ಕುಡಿದೋನು ಕುಡೀತಾನೂ ಇದ್ದ, ನೋಡ್ತಾನೂ ಇದ್ದ. ಅಂಥೋರು ಮುನ್ನೂರು ಜನ ಸಾಕು ಅಂದ ಗಿದ್ಯೋನ. ನಲವತ್ತೆಂಟರಲ್ಲಿ ನಮ್ಮ ಕಮಾಂಡರೂ ಇದೇ ಪಾಠ ಹೇಳ್ತಿದ್ದ."

ಅಮೆರಿಕದ ಅಜ್ಜ ಅಜ್ಜಿಯರೆಲ್ಲ ಮಂಡಿಯೂರಿ, ಬೊಗಸೆಯಲ್ಲಿ ನೀರೆತ್ತಿ, ಕಣ್ಣು ಮೇಲೆ ಮಾಡಿಕೊಂಡು ಕುಡಿಯತೊಡಗಿದರು. ಪ್ರತಿ ಗುಂಪೂ ಹೀಗೇ ಮಾಡುತ್ತದೆ, ಆಮೇಲೆ ಅರ್ಧ ಗುಂಪಿಗೆ ಹೊಟ್ಟೆ ಕೆಡುತ್ತದೆ. ನಾನು ಬೇಡ ಅನ್ನುವಷ್ಟರಲ್ಲಿ ಜೇಬಿನ ಫೋನು ಬಡಿದುಕೊಂಡಿತು. ತಂಗಿ ಅಫೀಫೆ.

"ಅಣ್ಣಾ, ಅಪ್ಪ ಹೋಗಿಬಿಟ್ಟ ಕಣೋ."

"ಯಾವಾಗ?"

"ಬೆಳಿಗ್ಗೆ ಏಳಕ್ಕೆ. ಕಾಫಿ ಕೇಳಿದ, ಮಾಡ್ಕೊಂಡು ಬರೋದರೊಳಗೆ ಆಗಿಹೋಗಿತ್ತು. ನಾಳೆ ಹಬ್ಬ, ಮಣ್ಣು ಮಾಡೋ ಹಾಗಿಲ್ಲ. ಇವತ್ತು ಮೂರೂವರೆಗೆ ದೇರ್ ಲೂಜಿಗೆ ತಗೊಂಡು ಹೋಗ್ತೀವಿ. ಐದಕ್ಕೆ ಗೇಟು ಹಾಕ್ತಾರಲ್ಲ."

ಮೂರೂವರೆಗೆ ದೇರ್ ಲೂಜ್! ಆ ದಿನದ ಪಟ್ಟಿಯಲ್ಲಿ ನನ್ನ ಬಸ್ಸು ಮೂರು ಗಂಟೆಗೆ ಹೋಗಬೇಕಿದ್ದದ್ದೂ ಅಲ್ಲಿಗೇ. ಹಾಳು ಪಟ್ಟಿ, ಟೈಪು ಮಾಡಿದವನೂ ನಾನೇ.

ದೇರ್ ಲೂಜ್ ನಮ್ಮೂರು. ನಲವತ್ತೆಂಟರಲ್ಲಿ ಯೆಹೂದಿ ಸೈನಿಕರು ಬಂದು, ಹದಿನೈದು ದಿನಕ್ಕೆ ಬಟ್ಟೆ ತಗೊಂಡು ಹೊರಡಿ, ಆಮೇಲೆ ಬರುವಿರಂತೆ ಅಂದರು. ನಾನಾಗ ಮೂರು ವಾರದ ಕೂಸು, ಅಲ್ಲಿನ ನಮ್ಮ ಮನೆಯಲ್ಲಿ ಹುಟ್ಟಿದ ಕೊನೆಯವನು. ಆ ಹದಿನೈದು ದಿನ ಇನ್ನೂ ಮುಗಿದಿಲ್ಲ. ಮನೆಗಳನ್ನು ಕೆಡವಿ, ಇಗರ್ಜಿಯನ್ನು ಉಳಿಸಿ, ಸುತ್ತ ಬೇಲಿ ಹಾಕಿ ಪಾರ್ಕು ಮಾಡಿದರು. ನಮಗಿರುವ ಅಪ್ಪಣೆ ಇಷ್ಟೇ: ಬದುಕಿರುವಾಗ ಟಿಕೆಟ್ ತಗೊಂಡು ಸಂಜೆ ಐದರೊಳಗೆ ನೋಡಿ ಹೋಗಬಹುದು, ಸತ್ತ ಮೇಲೆ ಅಲ್ಲೇ ಇರಬಹುದು.

ಅದಕ್ಕೇ ನಮ್ಮಲ್ಲಿ ಒಂದು ಪದ್ಧತಿ ಬೆಳೆದಿದೆ. ಹೆಣವನ್ನು ಗೇಟಿನಿಂದ ಹೆಗಲ ಮೇಲೆ ಹೊತ್ತು, ಮೊದಲು ಅವನ ಮನೆ ಬಾಗಿಲಿಗೆ ತರುತ್ತೇವೆ. ಬಾಗಿಲೆಲ್ಲಿದೆ, ಕಲ್ಲಿನ ಹೊಸ್ತಿಲು ಮಾತ್ರ. ಹಿರಿಮಗ ಆ ಹೊಸ್ತಿಲಿಗೆ ಅಂಗೈಯಿಂದ ಮೂರು ಸಲ ಬಡಿದು, ಇದು ಇಂಥವನ ಮನೆ, ಯಜಮಾನ ಬಂದಿದ್ದಾನೆ ಅಂತ ಕೂಗಬೇಕು. ಆಮೇಲೆ ಇಗರ್ಜಿ, ಆಮೇಲೆ ಮಣ್ಣು.

"ಅಣ್ಣಾ, ಕೇಳಿಸ್ತಿದೆಯಾ? ಅಪ್ಪ ಮೊನ್ನೆ ಒಂದು ಮಾತು ಹೇಳಿದ. 'ಶುಕ್ರಿ ತನ್ನ ಬಸ್ಸಿನವರ ಮುಂದೆ ಕೂಗೋದಾದರೆ ಹೊಸ್ತಿಲು ಮುಟ್ಟಲಿ. ಇಲ್ಲಾಂದ್ರೆ ನಸ್ರಿ ಕೂಗ್ತಾನೆ, ಇವನು ಹೆಗಲೂ ಕೊಡೋದು ಬೇಡ' ಅಂತ."

ನಸ್ರಿ ನನ್ನ ತಮ್ಮ. ಅಪ್ಪನ ಮಾತಿಗೆ ಕಾರಣ ಆರು ವರ್ಷದ ಹಿಂದಿನದು. ಬೇಸಿಗೆಯಲ್ಲಿ ಊರವರೆಲ್ಲ ಸಮಾಧಿ ಗುಡಿಸಲು ಬಂದಿದ್ದರು. ಅಪ್ಪ ನಮ್ಮ ಮನೆಯ ಅಳಿದುಳಿದ ಗೋಡೆಯ ಪಕ್ಕದ ಬಾದಾಮಿ ಮರದಡಿ ಕೂತಿದ್ದ. ನಾನು ಅದೇ ಹೊತ್ತಿಗೆ ಒಂದು ಗುಂಪನ್ನು ಕರೆದುಕೊಂಡು ಬಂದೆ. ಒಬ್ಬಾಕೆ ನಮ್ಮ ಗೋಡೆ ತೋರಿಸಿ, ಇಲ್ಲಿ ಯಾರಿದ್ದರು ಅಂತ ಕೇಳಿದಳು. ಹಿಂದೊಮ್ಮೆ ನಿಜ ಹೇಳಿ, ಗೈಡು ರಾಜಕೀಯ ಮಾತಾಡುತ್ತಾನೆ ಅಂತ ದೂರು ಹೋಗಿ, ಒಂದು ಸೀಸನ್ ಪೂರ್ತಿ ಮನೆಯಲ್ಲಿ ಕೂತಿದ್ದೆ. ಅದಕ್ಕೇ, "ಹಳೇ ಕಾಲದ್ದು ಮೇಡಂ, ಎಂಟುನೂರು ವರ್ಷದ ಹಿಂದಿನ ಕ್ರುಸೇಡಿನವರದ್ದಿರಬೇಕು" ಅಂದುಬಿಟ್ಟೆ. ಅಪ್ಪ ಹೈಫಾ ಬಂದರಿನಲ್ಲಿ ಇಂಗ್ಲಿಷರ ಕೈಕೆಳಗೆ ದುಡಿದವನು, ಭಾಷೆ ಬರುತ್ತಿತ್ತು. ಹಡಗಿನ ಕೂಗಿಗೆ ಕಿವಿ ಮಂದವಾಗಿ, ಪಕ್ಕದಲ್ಲಿ ನಿಂತು ಕಿರುಚಿದರೂ ಏನು ಏನು ಅನ್ನುತ್ತಿದ್ದ ಮನುಷ್ಯ. ಆ ಒಂದು ಮಾತು ಮಾತ್ರ ಕೇಳಿಸಿಕೊಂಡ. ಅವತ್ತಿನಿಂದ ನನ್ನ ಜೊತೆ ಮಾತು ಬಿಟ್ಟ. ಹಬ್ಬಕ್ಕೆ ಹೋದರೆ ಎದ್ದು ಒಳಗೆ ಹೋಗುತ್ತಿದ್ದ.

ಫೋನು ಇಟ್ಟ ಮೇಲೆ ನಾನು ಮಾಡಿದ ಮೊದಲ ಕೆಲಸ ಹೇಳಲು ಈಗಲೂ ನಾಚಿಕೆಯಾಗುತ್ತದೆ. ಸೀದಾ ಪಾಸ್ಟರ್ ಹತ್ತಿರ ಹೋದೆ.

"ಪಾಸ್ಟರ್, ಮಧ್ಯಾಹ್ನದ ದೇರ್ ಲೂಜ್ ಗುಡ್ಡಕ್ಕೆ ರಸ್ತೆ ಬಂದ್ ಆಗಿದೆಯಂತೆ. ಬದಲಿಗೆ ತಾಬೋರ್ ಬೆಟ್ಟಕ್ಕೆ ಹೋಗೋಣ. ದೆಬೋರಳ ಯುದ್ಧ, ರಥಗಳು, ಅದೂ ಚೆನ್ನಾಗಿದೆ."

ಬಸ್ಸನ್ನು ತಾಬೋರಿನಲ್ಲಿ ಬಿಟ್ಟು ನಾನೊಬ್ಬನೇ ಟ್ಯಾಕ್ಸಿಯಲ್ಲಿ ಓಡುವುದು ನನ್ನ ಲೆಕ್ಕ. ಬಸ್ಸಿನವರೇ ಇಲ್ಲದಿದ್ದರೆ ಯಾರ ಮುಂದೆ ಕೂಗಬೇಕು? ಅಪ್ಪನ ಷರತ್ತಿಗೂ ಮೋಸ ಹುಡುಕುವ ಮಗ ನಾನು, ಥೂ.

ಪಾಸ್ಟರ್ ಮುಖ ಬಾಡಿತು. "ಶುಕ್ರಿ, ಇವರೆಲ್ಲ ಆ ಗುಡ್ಡಕ್ಕೋಸ್ಕರಾನೇ ಬಂದಿದ್ದಾರೆ. ಯೆಹೆಜ್ಕೇಲನ ಪ್ರವಾದನೆ ಓದೋದು ಅಲ್ಲೇ ಅಲ್ವಾ."

ಅಷ್ಟರಲ್ಲಿ ನಫ್ತಾಲಿ ಕೋಲೂರುತ್ತ ಬಂದ. "ಯಾವ ರಸ್ತೆ ಬಂದ್? ನಿನ್ನೆ ನಾನು ಅದೇ ರಸ್ತೆಯಲ್ಲಿ ಬಂದೆನಲ್ಲ." ನನ್ನ ತೋಳು ಹಿಡಿದು ನೀಲಗಿರಿ ಮರದ ಹಿಂದಕ್ಕೆ ಎಳೆದುಕೊಂಡು ಹೋದ. "ಏನಾಯ್ತೋ? ಮುಖ ಯಾಕೆ ಹೀಗಿದೆ?"

"ನಿನಗ್ಯಾಕೆ? ನಿಮ್ಮ ಶಬ್ಬತ್ ರಜೆಯ ದಿನವೂ ದುಡಿಯೋಕೆ ಬಂದಿದ್ದೀಯ, ದುಡಿ."

"ಹೇಳೋ ಕತ್ತೆ."

"ಅಪ್ಪ ಸತ್ತ."

"ಅಯ್ಯೋ! ಮತ್ತೆ ಇಲ್ಲೇನು ಮಾಡ್ತಿದ್ದೀಯ? ಹೋಗು ಮನೆಗೆ!"

"ಮಣ್ಣು ದೇರ್ ಲೂಜಿನಲ್ಲಿ. ಮೂರೂವರೆಗೆ."

ಹನ್ನೊಂದು ವರ್ಷ ಒಟ್ಟಿಗೆ ಕೆಲಸ ಮಾಡಿದ್ದೆವು, ನಾನು ಯಾವ ಊರಿನವನೆಂದು ಅವನಿಗೆ ಹೇಳಿರಲಿಲ್ಲ. ಅವನು ಕೋಲಿನ ತುದಿಯಿಂದ ಮಣ್ಣು ಕೆದಕಿದ.

"ಆ ಗುಡ್ಡದ ಮೇಲೆ ಯುದ್ಧ ಆಯ್ತು ಅಂತ ಪ್ರತಿ ಸಲ ಅರ್ಧ ಗಂಟೆ ಹೇಳ್ತೀನಲ್ಲ, ಒಂದು ಗುಂಡೂ ಹಾರಲಿಲ್ಲ ಕಣೋ. ನಿಮ್ಮ ಪಾದ್ರಿ ಸ್ವಾಗತಕ್ಕೆ ರೊಟ್ಟಿ ಉಪ್ಪು ಹಿಡ್ಕೊಂಡು ಎದುರಿಗೆ ಬಂದ. ನಾನು ಎರಡನೇ ಲಾರಿಯಲ್ಲಿದ್ದೆ. ರೊಟ್ಟಿ ತಿಂದೆ."

ನನಗೆ ಅವನ ಕುತ್ತಿಗೆ ಹಿಸುಕಬೇಕು ಅನ್ನಿಸಿತು. "ಅಲ್ಲೇ ಇದ್ದೂ ಹನ್ನೊಂದು ವರ್ಷ ಬುರುಡೆ ಬಿಟ್ಟೆಯಾ?"

"ನೀನೇನು ಬಿಟ್ಟಿದ್ದು? ನಾನು ಯುದ್ಧ ಮಾರಿದೆ, ನೀನು ಕಲ್ಲು ಮಾರಿದೆ. ನಡಿ, ಬಸ್ಸು ಹತ್ತು."

ದೇರ್ ಲೂಜಿನ ದಾರಿಯುದ್ದಕ್ಕೂ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಏಳುತ್ತಿದ್ದೆ, ತಲೆ ಎಣಿಸುತ್ತಿದ್ದೆ, ಮೂವತ್ತೊಂದು, ಮತ್ತೆ ಎಣಿಸಿದರೆ ಇಪ್ಪತ್ತೊಂಬತ್ತು. ಊಟಕ್ಕೆ ನಿಲ್ಲಿಸಿದಾಗ ಪಾಸ್ಟರ್ ನನ್ನ ಪಕ್ಕ ಕೂತು, ಬೆನ್ನು ನೋವು ಹೇಗಿದೆ ಅಂತ ವಿಚಾರಿಸಿದರು. ಹೋದ ವರ್ಷ ನನ್ನ ಬೆನ್ನಿಗೆ ಅಮೆರಿಕದಿಂದ ಪಟ್ಟಿ ತಂದುಕೊಟ್ಟ ಮನುಷ್ಯ. ಕೆಟ್ಟವರಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ಈ ದೇಶದ ಪ್ರತಿ ಯುದ್ಧದಲ್ಲೂ ಅವರಿಗೆ ದೇವರ ಕೈ ಕಾಣುತ್ತದೆ. ಅದೇ ಬೈಬಲ್ ಪುಸ್ತಕವನ್ನು ನಾನೂ ಹುಟ್ಟಿದಾಗಿನಿಂದ ಕೇಳಿದ್ದೇನೆ. ಅದರಲ್ಲಿ ನಮ್ಮ ಅಡುಗೆಮನೆಯ ಗೋಡೆ ಎಲ್ಲಿ ಬರುತ್ತದೆ ಅಂತ ಒಮ್ಮೆಯೂ ಅವರನ್ನು ಕೇಳುವ ಧೈರ್ಯವಾಗಿರಲಿಲ್ಲ.

ಮೂರು ಗಂಟೆಗೆ ಗುಡ್ಡ ಹತ್ತಿದೆವು. ಬಾದಾಮಿ ಮರದಲ್ಲಿ ಹಸಿರು ಕಾಯಿ ಬಿಟ್ಟಿತ್ತು. ನಫ್ತಾಲಿಯ ಸರದಿ ಬಂದಾಗ ಅವನು, "ಇವತ್ತು ನನ್ನ ಗಂಟಲು ಸರಿಯಿಲ್ಲ" ಅಂದು ಕಲ್ಲಿನ ಮೇಲೆ ಕೂತುಬಿಟ್ಟ. ಪಾಸ್ಟರ್ ಪುಸ್ತಕ ತೆರೆದರು. ಪ್ರವಾದಿ ಯೆಹೆಜ್ಕೇಲ ಕಂಡ ಕಣಿವೆ, ಅದರ ತುಂಬ ಒಣಗಿದ ಎಲುಬು, ದೇವರು ಮಾತಾಡಿದಾಗ ಎಲುಬಿಗೆ ಎಲುಬು ಕೂಡಿ ದೊಡ್ಡ ಸೈನ್ಯವಾಗಿ ಎದ್ದು ನಿಲ್ಲುವುದು, ದೇವರು ಗೋರಿಗಳನ್ನು ತೆರೆದು ಜನರನ್ನು ಅವರ ನೆಲಕ್ಕೆ ಕರೆತರುವುದು. ಓದುತ್ತ ಅವರ ದನಿ ನಡುಗಿತು. "ಈ ಪ್ರವಾದನೆ ನಮ್ಮ ಕಾಲದಲ್ಲೇ, ಯೆಹೂದಿಗಳು ಮರಳಿ ಬಂದಾಗ, ಇದೇ ಗುಡ್ಡಗಳ ಮೇಲೆ ನೆರವೇರಿತು" ಅಂದರು. ಲೊರೆಟ್ಟಾ ಅನ್ನುವ ಮುದುಕಿ ಕಣ್ಣೊರೆಸಿಕೊಂಡು, ನೋಟ್‌ಬುಕ್ಕು ಹಿಡಿದು ನನ್ನ ಹತ್ತಿರ ಬಂದಳು. ನಮ್ಮ ಗೋಡೆಯನ್ನೇ ತೋರಿಸಿದಳು.

"ಶುಕ್ರಿ, ಇಲ್ಲಿ ಯಾರಿದ್ದರು?"

ನಾಲಿಗೆಯ ತುದಿಗೆ ಹಳೇ ಸುಳ್ಳು ತಾನಾಗಿ ಬಂದು ನಿಂತಿತು. ಅಷ್ಟರಲ್ಲಿ ಕೆಳಗೆ ಗೇಟಿನ ಹತ್ತಿರ ಪಾದ್ರಿಯ ಹಾಡು ಕೇಳಿಸಿತು. ಕಪ್ಪು ಬಟ್ಟೆಯ ಗುಂಪು, ಅದರ ಮೇಲೆ ಪೆಟ್ಟಿಗೆ, ಮೆಲ್ಲಗೆ ಏರಿ ಬರುತ್ತಿತ್ತು. ನನ್ನ ಕಾಲುಗಳು ನನ್ನನ್ನು ಕೇಳದೆ ಇಳಿಜಾರಿನಲ್ಲಿ ಓಡಿದವು.

ಮುಂದಿನ ಬಲಗಡೆಯ ಹಿಡಿಯಲ್ಲಿ ನಸ್ರಿ ಇದ್ದ. ನನ್ನನ್ನು ನೋಡಿ ನಿಂತ, ಪೆಟ್ಟಿಗೆಯೂ ನಿಂತಿತು.

"ಬಸ್ಸು ತಂದಿದ್ದೀಯಾ?"

"ತಂದಿದ್ದೀನಿ."

"ಕೂಗ್ತೀಯಾ?"

ಹೂಂ ಅಂತ ತಲೆಯಾಡಿಸಿದೆ. ಅವನು ನನ್ನ ಕಣ್ಣನ್ನೇ ನೋಡುತ್ತ ಹೆಗಲು ತೆಗೆದ. ಅಪ್ಪ ನನ್ನ ಮೇಲೆ ಬಿದ್ದ. ಆರು ವರ್ಷದ ಮೇಲೆ ಅವನನ್ನು ಮುಟ್ಟಿದ್ದು ಅವಾಗಲೇ, ಅದೂ ಹಲಗೆಯ ಮೂಲಕ. ಅಳು ಒತ್ತರಿಸಿ ಬಂತು, ತಡೆಯಲಿಲ್ಲ.

ದಾರಿ ಇಕ್ಕಟ್ಟು. ನಡುವೆ ನನ್ನ ಗುಂಪಿನವರು ಕ್ಯಾಮೆರಾ ಹಿಡಿದು ಏನೂ ತಿಳಿಯದೆ ನಿಂತಿದ್ದರು. ನಫ್ತಾಲಿ ಎದ್ದು ಟೋಪಿ ತೆಗೆದ. "ದಾರಿ ಬಿಡಿ! ಎಲ್ಲರೂ ಎಡಕ್ಕೆ! ಕ್ಯಾಮೆರಾ ಕೆಳಗೆ!" ಎಂಥ ದನಿ! ಮೂವತ್ತೊಂದು ಜನ ಗೋಡೆಗೆ ಅಂಟಿಕೊಂಡರು. ಐವತ್ತು ವರ್ಷದ ಹಿಂದೆ ನನ್ನವ್ವ ಇಂಥದೇ ಒಂದು ದನಿಗೆ ಹೆದರಿ, ನನ್ನನ್ನು ತಲೆವಸ್ತ್ರದಲ್ಲಿ ಸುತ್ತಿಕೊಂಡು ಈ ದಾರಿಯಲ್ಲಿ ಇಳಿದಿದ್ದಳು.

ಪಾಸ್ಟರ್ ಪಕ್ಕದಲ್ಲಿ ಹಾದುಹೋಗುವಾಗ ಅವರು, "ಶುಕ್ರಿ, ಏನಿದು? ಯಾರು ಇವರು?" ಅಂದರು.

"ಎಲುಬುಗಳು ವಾಪಸ್ ಬರ್ತಾ ಇವೆ, ಪಾಸ್ಟರ್. ನಮ್ಮಲ್ಲಿ ಎಲುಬಿಗೆ ಮಾತ್ರ ಅಪ್ಪಣೆ."

ಅವರ ಬೆರಳು ಪುಸ್ತಕದ ಹಾಳೆಯ ನಡುವೆಯೇ ಇತ್ತು. ಅದನ್ನು ತೆರೆಯಲೂ ಇಲ್ಲ, ಮುಚ್ಚಲೂ ಇಲ್ಲ.

ಬಾದಾಮಿ ಮರದ ಹತ್ತಿರ ಪೆಟ್ಟಿಗೆ ಇಳಿಸಿದೆವು. ಹೊಸ್ತಿಲ ಮುಂದೆ ಮಂಡಿಯೂರಿದೆ. ಕಲ್ಲು ಬಿಸಿಲಿಗೆ ಕಾದಿತ್ತು. ಒಂದು ಸಲ ಬಡಿದೆ, ಎರಡು, ಮೂರು. ಬಸ್ಸಿನವರೆಲ್ಲ ಹತ್ತು ಹೆಜ್ಜೆ ದೂರದಲ್ಲಿದ್ದರು. ಇನ್ನು ನನಗೆ ಕೆಲಸವಿಲ್ಲ, ಅದು ಖಾತ್ರಿ. ಊರವರಿಗಾಗಿ ನಮ್ಮ ಅರಬಿ ಭಾಷೆಯಲ್ಲಿ ಒಮ್ಮೆ ಹೇಳಿದೆ. ಆಮೇಲೆ ಹಿಂತಿರುಗಿ, ಬಂದರಿನಲ್ಲಿ ಅಪ್ಪ ಕಲಿತ ಇಂಗ್ಲಿಷಿನಲ್ಲಿ ಶುರುಮಾಡಿದೆ.

"ಇದು ನಖ್ಲೆಯ ಮನೆ. ನನ್ನ ಅಪ್ಪನ ಮನೆ. ಯಜಮಾನ ಬಂದಿದ್ದಾನೆ."

ದನಿ ಅರ್ಧಕ್ಕೇ ಕಟ್ಟಿಕೊಂಡಿತು. ನನಗೇ ಸರಿಯಾಗಿ ಕೇಳಿಸಲಿಲ್ಲ. ಹಿಂದಿನಿಂದ ನಸ್ರಿಯ ಕೈ ನನ್ನ ಹೆಗಲ ಮೇಲೆ ಬಿತ್ತು.

"ಜೋರಾಗಿ ಹೇಳು ಅಣ್ಣಾ," ಅಂದ. "ಅಪ್ಪನಿಗೆ ಕಿವಿ ಕೇಳಿಸಲ್ಲ."